ಪದ್ಮಳ ನಿದ್ದೆ, ನನ್ನ ಓಟ

ಮೊನ್ನೆ ಮಳೆ ಹಿಡಿದುಕೊಂಡ ದಿನ ಕೊಡೆ ಹುಡುಕುತ್ತಾ ರೂಮಿನ ಮೇಜಿನ ಡ್ರಾಯರ್ ಎಳೆದೆ. ಡ್ರಾಯರಿನಲ್ಲಿ ಕೊಡೆ ಹಿಡಿಸುವುದಿಲ್ಲ ಎಂಬುದು ಬೇರೆ ವಿಷಯ. ಹುಡುಕುವಾಗ ನನಗೆ ತಲೆ ಓಡುವುದಿಲ್ಲ. ಹಳೇ ಚಾರ್ಜರುಗಳು, ಅವಧಿ ಮುಗಿದ ಮಾತ್ರೆಗಳು, ಸುತ್ತಿಟ್ಟ ಕ್ರೇಪ್ ಬ್ಯಾಂಡೇಜ್, ಅದರಡಿಯಲ್ಲಿ ಆ ವಾಚು. ಚಾರ್ಜ್ ಇಲ್ಲದೆ ಮುಖ ಕಪ್ಪಗಿತ್ತು. ಯಾಕೋ ಏನೋ, ಅದರ ರಬ್ಬರ್ ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದೆ. ಬೆವರು, ನೋವಿನ ಮುಲಾಮು, ಕೊಬ್ಬರಿ ಎಣ್ಣೆ. ಬೆವರು ನನ್ನದು. ಕೊಬ್ಬರಿ ಎಣ್ಣೆ ನನ್ನ ಹೆಂಡತಿ ಪದ್ಮಳ ಕೂದಲಿನದು. ಮುಲಾಮು ನನ್ನ ಕಾಲಿನದಾದರೂ ಹಚ್ಚುತ್ತಿದ್ದವಳು ಅವಳು. ಹಚ್ಚಿ, ಅದೇ ಕೈಗೆ ವಾಚು ಕಟ್ಟಿಕೊಂಡು ಮಲಗುತ್ತಿದ್ದಳು.

ಹೋದ ವರ್ಷದ ಮಳೆಗಾಲ ಪೂರ್ತಿ ಆ ಪಟ್ಟಿಯಲ್ಲಿತ್ತು. ವಾಸನೆ ಮೂಗಿಗೆ ಹೊಡೆದ ತಕ್ಷಣ ಸಿಟ್ಟು ನೆತ್ತಿಗೇರಿತು. ವಾಚಿನ ಮೇಲಲ್ಲ, ಅದರದೇನೂ ತಪ್ಪಿಲ್ಲ. ಐದಾರು ವಾರ ದಿನಾ ಬೆಳಗ್ಗೆ ಅದು ಪದ್ಮಳ ಮೈ ಕೆಡುತ್ತಿದೆ ಎಂದು ನನಗೆ ಹೇಳುತ್ತಿತ್ತು. ನಾನು ಓದಿದೆ. ಓದಿ, ನನ್ನ ಓಟ ಕೆಟ್ಟಿತಲ್ಲ ಎಂದು ಅವಳ ಮೇಲೆಯೇ ಹರಿಹಾಯ್ದೆ. ಇಂಥ ಮುಠ್ಠಾಳ ಕೆಲಸವನ್ನು ಬೇರೆ ಯಾರಾದರೂ ಮಾಡಿದ್ದರೆ ಒಂದು ತಿಂಗಳು ಅವರನ್ನು ಬೈದುಕೊಂಡು ತಿರುಗುತ್ತಿದ್ದೆ.

ಅದರಲ್ಲೂ ನಾನು ಮಾಡಬಾರದಿತ್ತು. ಕರೆಂಟ್ ಆಫೀಸಿನಲ್ಲಿ ಮೂವತ್ತೆರಡು ವರ್ಷ ದುಡಿದವನು ನಾನು, ಬಹುಪಾಲು ಮೀಟರ್ ಪರೀಕ್ಷೆಯಲ್ಲಿ. ಮೀಟರ್ ಜೋರಾಗಿ ಓಡುತ್ತಿದೆ, ಬಿಲ್ಲು ಜಾಸ್ತಿ ಬರುತ್ತಿದೆ ಎಂದು ಜನ ಅರ್ಜಿ ಕೊಡುತ್ತಿದ್ದರು. ನಾನು ಇನ್ನೊಂದು ಮೀಟರ್ ಹಿಡಿದು ಹೋಗಿ, ಅವರದರ ಪಕ್ಕದಲ್ಲಿ ಕಟ್ಟಿ, ಎರಡನ್ನೂ ಹೋಲಿಸಿ ನೋಡುತ್ತಿದ್ದೆ. ಹೆಚ್ಚಿನ ಸಲ ಮೀಟರ್ ಸರಿಯಾಗಿಯೇ ಇರುತ್ತಿತ್ತು. ತ್ಯಾಗರಾಜನಗರದ ಹಳೇ ವಠಾರಗಳಲ್ಲಿ ಇನ್ನೊಂದು ತಮಾಷೆ. ವೈರಿಂಗ್ ಮಾಡಿದವನ ಅವಾಂತರದಿಂದ ಮೇಲಿನ ಮನೆಯ ಗೀಸರು ಕೆಳಗಿನ ಮನೆಯ ಮೀಟರಿಗೆ ಸೇರಿಕೊಂಡಿರುತ್ತಿತ್ತು. ಕೆಳಗಿನವರು ದೀಪ ಆರಿಸಿ ಕತ್ತಲಲ್ಲಿ ಕೂತರೂ ಚಕ್ರ ತಿರುಗುತ್ತಲೇ ಇರುತ್ತಿತ್ತು. ಮೀಟರ್ ಸರಿ ಇದೆ, ಅದರಲ್ಲಿ ಓಡುತ್ತಿರುವುದು ನಿಮ್ಮ ಮನೆಯ ಕರೆಂಟಲ್ಲ ಎಂದು ಹೇಳಿ, ಗೋಡೆಯ ಮೇಲೆ ವೈರಿನ ಜಾಡು ಹಿಡಿದು ಹೋಗಿ ತೋರಿಸುತ್ತಿದ್ದೆ. ಆ ವಿದ್ಯೆಯ ಬಗ್ಗೆ ನನಗೆ ಜಂಬವೂ ಇತ್ತು.

ನಿವೃತ್ತಿಯಾದ ಮೇಲೆ ಪುಟ್ಟೇನಹಳ್ಳಿ ಕೆರೆಯ ಹತ್ತಿರದ ಫ್ಲ್ಯಾಟಿಗೆ ಬಂದೆವು. ಸಕ್ಕರೆ ಅಂಚಿನಲ್ಲಿದೆ, ನಡೆಯಿರಿ ಎಂದರು ಡಾಕ್ಟರು. ನಡೆದೆ. ಕೆರೆಯ ಸುತ್ತ ಬರುವವರೆಲ್ಲ ನನ್ನನ್ನು ಹಿಂದೆ ಹಾಕಿಕೊಂಡು ಹೋಗುವುದನ್ನು ಸಹಿಸಲಾರದೆ ಓಡತೊಡಗಿದೆ. ಆಗಲೇ ಅರವತ್ತೊಂದು ದಾಟಿತ್ತು. ಅಲ್ಲಿ ಸಿಕ್ಕವರು ಮುನಿರಾಜು. ಅದೇ ಊರಿನ ಹಳಬರು. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಅವರ ಬಾಡಿಗೆ ಮನೆಗಳಿವೆ. ನನಗಿಂತ ನಾಲ್ಕು ವರ್ಷ ದೊಡ್ಡವರು. ಅಳಿಯ ಬಿಟ್ಟ ಹಳೇ ಶೂ ಹಾಕಿಕೊಂಡು, ತಲೆಗೊಂದು ಟವೆಲ್ ಸುತ್ತಿಕೊಂಡು ಬರುತ್ತಿದ್ದರು. ಒಂದು ದಿನ ಓಡುತ್ತಿದ್ದರು, ಎರಡು ದಿನ ಬರೀ ನಡೆಯುತ್ತಿದ್ದರು. ಕಾಲು ಭಾರವೆನಿಸಿದ ದಿನ ಅದೂ ಇಲ್ಲ. ಬೆಂಚಿನ ಮೇಲೆ ಕೂತು ನಾವು ಏದುಸಿರು ಬಿಡುವುದನ್ನು ನೋಡುತ್ತಿದ್ದರು. ಅದು ಸೋಮಾರಿತನ ಎಂದು ಬಹಳ ದಿನ ಅಂದುಕೊಂಡಿದ್ದೆ.

ವಾಚು ಬಂದದ್ದು ಜೂನಿನಲ್ಲಿ. ಬಿಟಿಎಂ ಲೇಔಟಿನಲ್ಲಿರುವ ಮಗಳು ಸುಮಾ ನನ್ನ ಹುಟ್ಟುಹಬ್ಬಕ್ಕೆ ತಂದುಕೊಟ್ಟಳು. ನಿಮ್ಮ ವಯಸ್ಸಿಗೆ ಓಟಕ್ಕಿಂತ ಓಟದ ನಂತರದ ರಿಕವರಿ ಮುಖ್ಯ ಅಪ್ಪ, ಎಂದು ಪಾಠ ಬೇರೆ ಹೇಳಿದಳು. ದಣಿದ ಮೈ ಎಷ್ಟು ಸುಧಾರಿಸಿಕೊಂಡಿದೆ ಎಂದು ವಾಚು ರಾತ್ರಿಯ ನಿದ್ದೆ, ನಾಡಿ ಎರಡನ್ನೂ ನೋಡಿ ಬೆಳಗ್ಗೆ ನೂರಕ್ಕೆ ಇಷ್ಟು ಎಂದು ನಂಬರ್ ಕೊಡುತ್ತದಂತೆ. ಆ ನಂಬರಿನ ಮೇಲೆ ಇವತ್ತು ಜೋರಾಗಿ ಓಡು, ಇವತ್ತು ನಿಧಾನ, ಇವತ್ತು ಸುಮ್ಮನೆ ಮನೆಯಲ್ಲಿರು ಎಂದು ಅದೇ ಸಲಹೆ ಕೊಡುತ್ತದಂತೆ. ನನಗೆ ಬಹಳ ಹಿಡಿಸಿತು. ಜನ ಸುಳ್ಳು ಹೇಳುತ್ತಾರೆ, ಮೀಟರ್ ಹೇಳುವುದಿಲ್ಲ ಎಂದು ನಂಬಿ ಸಂಬಳ ತೆಗೆದುಕೊಂಡವನಲ್ಲವೇ.

ತೊಂದರೆ ಒಂದೇ. ಕೈಗೆ ಏನಾದರೂ ಕಟ್ಟಿಕೊಂಡರೆ ನನಗೆ ನಿದ್ದೆ ಹತ್ತುವುದಿಲ್ಲ. ಮೂರು ರಾತ್ರಿ ಒದ್ದಾಡಿ, ನಾಲ್ಕನೆಯ ದಿನ ಬಿಚ್ಚಿಟ್ಟು ಮಲಗಿದೆ. ಬೆಳಗ್ಗೆ ನೋಡಿದರೆ ನಂಬರಿನ ಜಾಗದಲ್ಲಿ ಎರಡು ಗೀಟು. ನಿದ್ದೆಯ ವಿವರ ಇಲ್ಲ, ಆದ್ದರಿಂದ ಸಲಹೆಯೂ ಇಲ್ಲ. ನನಗೆ ಕೈ ಕಟ್ಟಿಹಾಕಿದಂತಾಯಿತು. ಎರಡು ದಿನ ಯೋಚಿಸಿ ಪದ್ಮಳಿಗೆ ಹೇಳಿದೆ, ರಾತ್ರಿ ಹೊತ್ತು ನೀನು ಕಟ್ಟಿಕೊಂಡು ಮಲಗು ಎಂದು. ಒಂದೇ ಮನೆ, ಒಂದೇ ಊಟ, ಒಂದೇ ಹಾಸಿಗೆ, ಒಂದೇ ಫ್ಯಾನಿನ ಗಾಳಿ. ಮೂವತ್ತನಾಲ್ಕು ವರ್ಷ ಜೊತೆಗೆ ಸಂಸಾರ ಮಾಡಿದವರ ನಿದ್ದೆಯಲ್ಲಿ ಎಷ್ಟು ತಾನೇ ವ್ಯತ್ಯಾಸ ಇದ್ದೀತು ಎಂಬುದು ನನ್ನ ವಾದ. ವಠಾರದ ಗೋಡೆಗಳ ಮೇಲೆ ವೈರಿನ ಜಾಡು ಹಿಡಿದ ಮಹಾನುಭಾವನ ವಾದ ಇದು.

"ನಾನು ಮಲ್ಗೋದು, ನೀವು ಓಡೋದಾ?" ಎಂದು ಅವಳು ನಕ್ಕಳು. ನಕ್ಕರೂ ಕಟ್ಟಿಕೊಂಡಳು.

ಪದ್ಮ ಮಲಗಿದರೆ ಮಲಗಿದಂತೆಯೇ. ಪಕ್ಕದ ಸೈಟಿನಲ್ಲಿ ರಾತ್ರಿಯಿಡೀ ಕಾಂಕ್ರೀಟು ಹಾಕಿದರೂ ಮಗ್ಗುಲು ಬದಲಿಸುವವಳಲ್ಲ. ನಾನೋ ಎರಡು ಸಲ ಬಚ್ಚಲಿಗೆ ಎದ್ದು, ನಾಲ್ಕು ಗಂಟೆಗೆ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಾ ಬಿದ್ದಿರುವವನು. ಐದಕ್ಕೆ ಎದ್ದು ಅವಳ ಕೈಯಿಂದ ಮೆಲ್ಲಗೆ ವಾಚು ಬಿಚ್ಚಿ ನೋಡಿದರೆ ತೊಂಬತ್ತೊಂದು. ಮಾರನೆಯ ದಿನ ತೊಂಬತ್ತನಾಲ್ಕು. ಮೈ ಪೂರ್ತಿ ಸಿದ್ಧವಾಗಿದೆ, ಇವತ್ತು ವೇಗದ ಓಟ ಎಂದು ಆಜ್ಞೆ. ಆಷಾಢದ ಗಾಳಿ ಕೆರೆಯ ಮೇಲಿಂದ ಬೀಸಿ ಮುಖಕ್ಕೆ ಹೊಡೆಯುತ್ತಿತ್ತು, ತುಂತುರು ಬೇರೆ, ಕಲ್ಲು ಹಾಸಿನ ಮೇಲೆ ಪಾಚಿ. ನಾಲ್ಕು ಗಂಟೆ ನಿದ್ದೆ ಮಾಡಿದ ಮುದುಕ, ಎಂಟು ಗಂಟೆ ಗೊರಕೆ ಹೊಡೆದವಳ ನಂಬರ್ ಕಟ್ಟಿಕೊಂಡು ಎದ್ದೂಬಿದ್ದೂ ಓಡುತ್ತಿದ್ದೆ.

ಸುಮ್ಮನೆ ಓಡುತ್ತಿರಲಿಲ್ಲ. ಸೆಪ್ಟೆಂಬರ್ ಕೊನೆಯ ಭಾನುವಾರ ಜಯನಗರದಲ್ಲಿ ಹತ್ತು ಕಿಲೋಮೀಟರಿನ ಓಟವೊಂದಿತ್ತು. ಹಿಂದಿನ ವರ್ಷ ಅದನ್ನು ಮುಗಿಸಲು ನನಗೆ ಒಂದು ಗಂಟೆ ಹನ್ನೆರಡು ನಿಮಿಷ ಹಿಡಿದಿತ್ತು. ಈ ಸಲ ಒಂದು ಗಂಟೆಯೊಳಗೆ ಮುಗಿಸಬೇಕೆಂಬ ಹಟ. ಮುನಿರಾಜು ಕೂಡ ಹೆಸರು ಕೊಟ್ಟಿದ್ದರು, ಆದರೆ ಅವರಿಗೆ ಓಟ ಮುಗಿದ ಮೇಲಿನ ಇಡ್ಲಿ ವಡೆಯ ಮೇಲೆ ಹೆಚ್ಚು ಪ್ರೀತಿ.

ಬೆಳಗ್ಗೆ ವಾಚು ಬಿಚ್ಚುವಾಗ ಪದ್ಮಳಿಗೆ ಅರೆ ಎಚ್ಚರವಾಗುತ್ತಿತ್ತು. ನಿದ್ದೆ ಚೆನ್ನಾಗಿ ಬಂತಾ ಎಂದು ಕೇಳುತ್ತಿದ್ದೆ. ಬಂತು ಎಂದು ಗೊಣಗಿ ಮತ್ತೆ ಹೊದ್ದುಕೊಳ್ಳುತ್ತಿದ್ದಳು. ಕೆಲವು ದಿನ ಕಳೆದ ಮೇಲೆ ಫೋನಿನಲ್ಲಿ ಮಗಳ ಹತ್ತಿರ ಹೇಳುತ್ತಿದ್ದುದು ಕಿವಿಗೆ ಬಿತ್ತು: "ನಿಮ್ಮಪ್ಪ ಈಗೀಗ ದಿನಾ ಎದ್ದ ತಕ್ಷಣ ನಿದ್ದೆ ಬಂತಾ ಅಂತ ಕೇಳ್ತಾರೆ ಕಣೇ. ಇಷ್ಟು ವರ್ಷದಲ್ಲಿ ಒಂದ್ಸಲಾನೂ ಕೇಳಿದ್ದಿಲ್ಲ." ದನಿಯಲ್ಲಿ ಖುಷಿಯಿತ್ತು. ನಾನು ಕೇಳುತ್ತಿದ್ದುದು ನನ್ನ ನಂಬರಿಗಾಗಿ ಎಂದು ಅವಳಿಗೂ ಗೊತ್ತಿತ್ತು; ಆದರೂ ಖುಷಿಯಿತ್ತು.

ಜುಲೈ ಕೊನೆಗೆ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕು. ಬೆಳಗ್ಗೆ ನೋಡಿದರೆ ವಾಚು ತೊಂಬತ್ತಮೂರು ಎನ್ನುತ್ತಿತ್ತು. ಕುಂಟುತ್ತಾ ಕೆರೆಗೆ ಹೋದೆ. ಮುನಿರಾಜು ಬೆಂಚಿನ ಮೇಲೆ ಕೂತಿದ್ದರು. ನನ್ನ ನಡಿಗೆ ನೋಡಿ, ಏನ್ ಮೂರ್ತಿ ಸಾರ್, ಕಾಲು ಏನಂತೈತೆ ಎಂದರು. ಕಾಲು ಹಿಡಿದುಕೊಂಡಿದೆ, ಆದರೆ ವಾಚು ಓಡಬಹುದು ಎನ್ನುತ್ತಿದೆ ಎಂದೆ.

"ವಾಚಿಗೆ ಕಾಲೈತಾ ಸಾರ್?" ಎಂದರು ಅವರು. "ಅದಕ್ಕೇ ಓಡೋಕೆ ಹೇಳಿ. ನೀವು ಬಂದು ಇಲ್ಲಿ ಕೂತ್ಕಳಿ."

ಕೂರಲಿಲ್ಲ. ಒಂದು ವಾಚು ಕೊಳ್ಳುವ ಯೋಗ್ಯತೆ ಇದ್ದೂ ಕೊಳ್ಳದ ಮನುಷ್ಯನಿಂದ ನಾನೇನು ಕಲಿಯುವುದು ಎಂದು ನಾಲ್ಕು ಸುತ್ತು ಓಡಿ, ಐದನೆಯ ಸುತ್ತಿನಲ್ಲಿ ಕಾಲು ಎಳೆದುಕೊಂಡು ಮನೆಗೆ ಬಂದೆ. ಅಂದಿನಿಂದ ರಾತ್ರಿ ಊಟವಾದ ಮೇಲೆ ಪದ್ಮ ನೆಲದ ಮೇಲೆ ಕೂತು ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮುಲಾಮು ತಿಕ್ಕುವುದು ಶುರುವಾಯಿತು. ತಿಕ್ಕುತ್ತಾ, ಎರಡು ದಿನ ಸುಮ್ಮನಿದ್ದರೆ ಗಂಟೇನು ಹೋಗುತ್ತದೆ ಎಂದು ಕೇಳುತ್ತಿದ್ದಳು. ಇವಳಿಗೇನು ಗೊತ್ತು ಎಂದು ನಾನು ಕಾಲು ಚಾಚಿಕೊಂಡು ಫೋನಿನಲ್ಲಿ ಗ್ರಾಫು ನೋಡುತ್ತಿದ್ದೆ.

ವರಮಹಾಲಕ್ಷ್ಮಿ ಹಬ್ಬ ಬಂತು. ಕಲಶಕ್ಕೆ ಸೀರೆ ಉಡಿಸುವುದರಲ್ಲಿ ಪದ್ಮಳದು ಎತ್ತಿದ ಕೈ. ಆ ವರ್ಷ ನೆರಿಗೆ ಹಿಡಿಯುವಾಗ ಕೈ ನಡುಗಿ ಮೂರು ಸಲ ಬಿಚ್ಚಿ ಮೂರು ಸಲ ಉಡಿಸಿದಳು. ಹಬ್ಬಕ್ಕೆ ಬಂದಿದ್ದ ಸುಮಾ, ಅಮ್ಮನ ರವಿಕೆ ತೋಳು ಜೋಲುತ್ತಿದೆ, ಎಷ್ಟು ಸಣ್ಣ ಆಗಿದ್ದಾಳೆ ಎಂದಳು. ಒಳ್ಳೆಯದೇ ಆಯಿತು, ನನ್ನನ್ನು ನೋಡಿ ಅವಳೂ ಫಿಟ್ ಆಗುತ್ತಿದ್ದಾಳೆ ಎಂದೆ. ಈ ಮಾತನ್ನು ಬಾಯ್ತುಂಬ ಒಬ್ಬಟ್ಟು ಇಟ್ಟುಕೊಂಡು ಹೇಳಿದೆ ಎಂಬುದು ಈಗಲೂ ನೆನಪಿದೆ. ಪದ್ಮ ಕೂಡ ಆ ದಿನ ಐದು ಒಬ್ಬಟ್ಟು ತಿಂದಳು. ತಿಂದೂ ಸಣ್ಣ ಆಗುವುದು ಹೇಗೆಂದು ಯಾರಿಗೂ ಹೊಳೆಯಲಿಲ್ಲ.

ಹಬ್ಬದ ಆಚೆಗೆ ವಾಚು ರಾಗ ಬದಲಿಸಿತು. ಎಪ್ಪತ್ತೊಂದು. ಅರವತ್ತನಾಲ್ಕು. ಐವತ್ತೆರಡು. ಇವತ್ತು ನಿಧಾನ, ಇವತ್ತು ವಿಶ್ರಾಂತಿ, ನಾಳೆಯೂ ವಿಶ್ರಾಂತಿ. ಕೆಟ್ಟ ಕೋಪ ಬಂದರೂ ಆಜ್ಞೆ ಮೀರುವವನಲ್ಲ ನಾನು, ಮನೆಯಲ್ಲಿ ಕೂತೆ. ಹತ್ತು ದಿನ ಕೂತಿದ್ದಕ್ಕೆ ಮೀನಖಂಡದ ನೋವು ಮಾಯವಾಯಿತು. ಮೆಟ್ಟಿಲನ್ನು ಸರಾಗವಾಗಿ ಇಳಿದೆ. ಕೆರೆಯ ಹತ್ತಿರ ಮುನಿರಾಜು ಬೆನ್ನು ತಟ್ಟಿ, ಈಗ ಬುದ್ಧಿ ಬಂತು ನೋಡಿ, ಸುಮ್ಮನೆ ಕೂತರೆ ಅರ್ಧ ಕಾಯಿಲೆ ಹೋಗುತ್ತದೆ ಎಂದರು. ಅವಳ ಕಾಯಿಲೆ ನನ್ನ ಕಾಲನ್ನು ವಾಸಿ ಮಾಡಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹೀಗೆಯೇ.

ಕಾಲು ಸರಿಯಾಯಿತು, ವಾಚು ಬಿಡಲಿಲ್ಲ. ಗಣೇಶನ ಹಬ್ಬ ಕಳೆಯಿತು. ಬೀದಿ ಗಣಪತಿಗಳನ್ನು ತಮಟೆ ಹೊಡೆದುಕೊಂಡು ಕರೆದೊಯ್ದರು. ಓಟಕ್ಕೆ ಮೂರು ವಾರ ಉಳಿಯಿತು, ಎರಡು ವಾರ ಉಳಿಯಿತು. ನಂಬರು ಮೂವತ್ತೆಂಟು, ಮೂವತ್ತೈದು, ಇಪ್ಪತ್ತೊಂಬತ್ತು. ಮಲಗಿದಾಗಿನ ನಾಡಿ ಮೊದಲು ಅರವತ್ತಿದ್ದದ್ದು ಎಂಬತ್ತಾಯಿತು, ತೊಂಬತ್ತು ದಾಟಿತು. ನನಗೋ ಮೈಯಲ್ಲಿ ಎಂದೂ ಇಲ್ಲದ ಹುರುಪು. ವಾಚಿನ ಹಿಂಬದಿಯ ಗಾಜನ್ನು ಕನ್ನಡಕದ ಬಟ್ಟೆಯಿಂದ ಒರೆಸಿದೆ. ಆರಿಸಿ ಹೊತ್ತಿಸಿದೆ. ಮಗಳಿಗೆ ಫೋನ್ ಮಾಡಿ ಇದು ಕೆಟ್ಟಿದೆ, ವಾಪಸ್ ತಗೋತಾರಾ ಎಂದು ಕೇಳಿದೆ. ಮೂವತ್ತೆರಡು ವರ್ಷ ಯಾವ ಅರ್ಜಿಗಳನ್ನು ನೋಡಿ ನಗುತ್ತಿದ್ದೆನೋ ಅದೇ ಅರ್ಜಿ ಹಿಡಿದು ನಾನೇ ಸಾಲಿನಲ್ಲಿ ನಿಂತಿದ್ದೆ.

ಕೊನೆಗೆ ತಪ್ಪು ಪದ್ಮಳದೇ ಎಂದು ತೀರ್ಮಾನವಾಯಿತು. ಅವಳು ಸರಿಯಾಗಿ ನಿದ್ದೆ ಮಾಡುತ್ತಿಲ್ಲ. ಹೊರಗೆ ಮಳೆ ಸುರಿಯುತ್ತಿದ್ದರೂ ಸೆಕೆ ಎಂದು ಫ್ಯಾನನ್ನು ಐದಕ್ಕೆ ತಿರುಗಿಸುತ್ತಾಳೆ. ಸಂಜೆ ಆರಕ್ಕೆ ಕಾಫಿ ಕುಡಿಯುತ್ತಾಳೆ. ಒಂಬತ್ತೂವರೆ ತನಕ ಧಾರಾವಾಹಿ ನೋಡುತ್ತಾಳೆ. ಇದನ್ನೆಲ್ಲ ಪಟ್ಟಿ ಮಾಡಿ ಅವಳ ಮುಂದೆ ಓದಿದೆ. ನಿದ್ದೆ ನನ್ನ ಕೈಲಿದ್ಯೇನ್ರೀ ಎಂದಳು, ಅಷ್ಟೇ. ಮಾರನೆಯ ದಿನದಿಂದ ಸಂಜೆಯ ಕಾಫಿ ಬಿಟ್ಟಳು. ಧಾರಾವಾಹಿ ಬಿಟ್ಟಳು. ರಾತ್ರಿ ಬಿಸಿ ಹಾಲಿಗೆ ಅರಿಸಿನ ಹಾಕಿಕೊಂಡು ಕುಡಿದು, ವಾಚು ಕಟ್ಟಿಕೊಂಡು, ಎಂಟೂಮುಕ್ಕಾಲಿಗೇ ಮಲಗತೊಡಗಿದಳು. ಬೆಳಗ್ಗೆ ನಂಬರ್ ನೋಡಿ ನಾನು ಉಸ್ಸೆಂದರೆ, ಎಷ್ಟು ಬಂತು ಎಂದು ಪರೀಕ್ಷೆ ಬರೆದವಳ ಹಾಗೆ ಹಾಸಿಗೆಯಿಂದಲೇ ಕೇಳುತ್ತಿದ್ದಳು. ಇಪ್ಪತ್ತಾರು ಎಂದು ಹೇಳಿ ಬಚ್ಚಲಿನ ಬಾಗಿಲು ದಡಾರನೆ ಹಾಕಿಕೊಳ್ಳುತ್ತಿದ್ದೆ.

ಕಣ್ಣಿಗೆ ಬೀಳದೆ ಏನೂ ನಡೆಯಲಿಲ್ಲ. ಕಾಫಿ ತಂದರೆ ಲೋಟ ಬಟ್ಟಲಿನಲ್ಲಿ ಟಕಟಕ ಎನ್ನುತ್ತಿತ್ತು. ಲಿಫ್ಟು ಕೆಟ್ಟ ದಿನ ತರಕಾರಿ ಚೀಲ ಹಿಡಿದು ಬಂದವಳು ಎರಡನೇ ಮಹಡಿಯಲ್ಲಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನೀನೂ ದಿನಾ ನಾಲ್ಕು ಹೆಜ್ಜೆ ನಡೆದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ನಾನು ಚೀಲ ಎತ್ತಿಕೊಂಡು ಮುಂದೆ ಹೋದೆ. ಚೀಲ ಎತ್ತಿಕೊಂಡೆನಲ್ಲ ಎಂದು ಆಗ ನನ್ನ ಬಗ್ಗೆ ನನಗೆ ಸಮಾಧಾನವೂ ಇತ್ತು.

ಓಟದ ಹಿಂದಿನ ದಿನ ಶನಿವಾರ. ಅಂದು ಬೆಳಗ್ಗೆ ನಂಬರ್ ಇಪ್ಪತ್ತೆರಡು, ನಾಡಿ ತೊಂಬತ್ತಾರು. ರಾತ್ರಿ ಟೀ ಶರ್ಟಿನ ಎದೆಗೆ ಓಟದ ನಂಬರ್ ಚೀಟಿಯನ್ನು ಪಿನ್ನು ಹಾಕಿ ಸಿಕ್ಕಿಸುತ್ತಿದ್ದೆ. ಪದ್ಮ ಹಾಲು ಕುಡಿದು ಬಂದು ವಾಚು ಕಟ್ಟಿಕೊಳ್ಳುತ್ತಿದ್ದಳು. ತಡೆಯಲಾಗಲಿಲ್ಲ.

"ಕೊಡಿಲ್ಲಿ," ಎಂದೆ. "ಇವತ್ತು ನಾನೇ ಕಟ್ಕೋತೀನಿ. ನಿನ್ನನ್ನ ನಂಬ್ಕೊಂಡು ಮೂರು ತಿಂಗಳು ಹಾಳಾಯ್ತು."

ಅವಳು ಬಿಚ್ಚಿ ಕೊಟ್ಟಳು. ಪಟ್ಟಿಯ ಪಿನ್ನು ಸಿಕ್ಕಿಸಿದ್ದು ತೀರಾ ಬಿಗಿಯ ಕೊನೆಯ ತೂತಿಗೆ. ಜೂನಿನಲ್ಲಿ ಅದಕ್ಕಿಂತ ಮೂರು ತೂತು ಸಡಿಲವಾಗಿ ಕಟ್ಟಿಕೊಳ್ಳುತ್ತಿದ್ದಳು. ಅದನ್ನೂ ನೋಡಿದೆ. ನೋಡಿ, ನನ್ನ ಕೈಗೆ ಸರಿಯಾಗುವಂತೆ ಸಡಿಲಿಸಿಕೊಂಡು ಮಲಗಿದೆ. ಹಟಕ್ಕೋ ಏನೋ ನಿದ್ದೆಯೂ ಬಂತು.

ಐದು ಗಂಟೆಗೆ ಎದ್ದು ನೋಡಿದರೆ ಎಪ್ಪತ್ತೊಂಬತ್ತು. ನಾಡಿ ಐವತ್ತನಾಲ್ಕು. ಇವತ್ತು ಧಾರಾಳವಾಗಿ ಓಡಬಹುದು. ನೋಡಿದೆಯಾ, ವಾಚಿನ ತಪ್ಪಲ್ಲ ಎಂದು ಮನಸ್ಸಿನಲ್ಲಿಯೇ ಪದ್ಮಳಿಗೆ ಹೇಳುತ್ತಾ ಟೀ ಶರ್ಟು ಹಾಕಿಕೊಂಡೆ, ಬ್ರಷ್ಷಿಗೆ ಪೇಸ್ಟು ಹಚ್ಚಿದೆ. ಬ್ರಷ್ಷು ಬಾಯಲ್ಲಿರುವಾಗ ಕೈ ನಿಂತಿತು. ಅದೇ ವಾಚು. ನಿನ್ನೆ ತೊಂಬತ್ತಾರು, ಇವತ್ತು ಐವತ್ತನಾಲ್ಕು. ಐವತ್ತನಾಲ್ಕು ನಾನು. ಮೀಟರ್ ಸರಿಯಾಗಿಯೇ ಇದೆ. ಹಾಗಾದರೆ ಆ ತೊಂಬತ್ತಾರು? ಇಷ್ಟು ದಿನ ಬೈದುಕೊಂಡು ಓದಿದ ಆ ಎಂಬತ್ತು, ತೊಂಬತ್ತು ಎಲ್ಲ ಯಾರದು? ಬಾಯಿ ಮುಕ್ಕಳಿಸಿದೆನೋ ಇಲ್ಲವೋ ನೆನಪಿಲ್ಲ. ಅಡುಗೆಮನೆಗೆ ಹೋದೆ.

ಓಟಕ್ಕೆ ಹೊರಡುವವನು ಬರೀ ಹೊಟ್ಟೆಯಲ್ಲಿ ಹೋಗಬಾರದೆಂದು ಅವಳು ಆಗಲೇ ಎದ್ದು ಹಾಲು ಕಾಯಲು ಇಟ್ಟು ಅವಲಕ್ಕಿ ನೆನೆಸುತ್ತಿದ್ದಳು. ಹಿಂದಿನಿಂದ ಹೋಗಿ ಮಣಿಕಟ್ಟು ಹಿಡಿದೆ. ಬಳೆಗಳು ಮೊಣಕೈ ತನಕ ಜಾರಿದವು.

"ಏನ್ರೀ ಇದು, ಬೆಳಗ್ಗೆ ಬೆಳಗ್ಗೆ?"

"ಮಾತಾಡ್ಬೇಡ. ಎಣಿಸ್ತಿದ್ದೀನಿ."

ಗೋಡೆಯ ಗಡಿಯಾರ ನೋಡುತ್ತಾ ಎಣಿಸಿದೆ. ಎಣಿಕೆ ತಪ್ಪಿತು. ಬೆರಳಿನಡಿ ಎರಡು ಹೊಡೆತ, ಆಮೇಲೆ ಏನೂ ಇಲ್ಲ, ಆಮೇಲೆ ಒಟ್ಟೊಟ್ಟಿಗೆ ಮೂರು. ಮೊದಲಿನಿಂದ ಎಣಿಸಿದೆ. ಒಂದು ನಿಮಿಷಕ್ಕೆ ನೂರಿಪ್ಪತ್ತು ದಾಟಿತು. ಹಾಲು ಉಕ್ಕುತ್ತದೆ ಬಿಡಿ ಎಂದಳು. ಒಲೆ ಆರಿಸಿ, ಅವಳನ್ನು ಅಲ್ಲಿಯೇ ಸ್ಟೂಲಿನ ಮೇಲೆ ಕೂರಿಸಿದೆ. ಅವಳಿಗೆ ಗಾಬರಿಯಾದದ್ದು ತನ್ನ ಬಗ್ಗೆಯಲ್ಲ. ಐದೂವರೆಗೆ ಅಲ್ಲಿರಬೇಕಲ್ವಾ, ಹೊರಡಿ ನೀವು, ಮುನಿರಾಜಣ್ಣ ಕಾಯ್ತಿರ್ತಾರೆ ಎನ್ನುತ್ತಿದ್ದಳು.

ಮುನಿರಾಜು ಕೆಳಗೆ ಆಟೋದಲ್ಲಿ ಕೂತು ಫೋನ್ ಮಾಡಿದರು. ಹೀಗೆ ಎಂದೆ. ಅವರು ಒಂದೂ ಪ್ರಶ್ನೆ ಕೇಳಲಿಲ್ಲ. "ಅಮ್ಮಾರನ್ನ ಕರ್ಕೊಂಡ್ ಇಳೀರಿ ಸಾರ್. ಆಟೋ ಹೆಂಗೂ ಐತೆ." ಜಯನಗರದ ಮೈದಾನಕ್ಕೆ ಹೊರಟಿದ್ದ ಆಟೋ ಆಸ್ಪತ್ರೆಗೆ ಹೋಯಿತು. ದಾರಿಯಲ್ಲಿ ಓಟಕ್ಕೆ ಹೊರಟ ಜನ ಗುಂಪು ಗುಂಪಾಗಿ ಬಣ್ಣದ ಬಟ್ಟೆ ಹಾಕಿಕೊಂಡು ನಡೆದು ಹೋಗುತ್ತಿದ್ದರು. ತುರ್ತು ವಿಭಾಗದಲ್ಲಿ ನರ್ಸಮ್ಮ ಎದೆಯ ಮೇಲೆ ನಂಬರ್ ಚೀಟಿ ಸಿಕ್ಕಿಸಿಕೊಂಡ ಇಬ್ಬರು ಮುದುಕರನ್ನು ನೋಡಿ, ಓಡುವಾಗ ಬಿದ್ದದ್ದು ಇಬ್ಬರಲ್ಲಿ ಯಾರು ಎಂದು ಕೇಳಿದಳು. ನಮ್ಮ ಹಿಂದೆ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ನಿಂತವಳ ಕಡೆ ಅವಳೂ ನೋಡಲಿಲ್ಲ.

ಪದ್ಮಳನ್ನು ದಾಖಲು ಮಾಡಿಕೊಂಡರು. ಮಾರನೆಯ ದಿನ ರಕ್ತದ ವರದಿ ಬಂತು. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಅಗತ್ಯಕ್ಕಿಂತ ಜಾಸ್ತಿ ಕೆಲಸ ಮಾಡುತ್ತಿದೆ. ಸೆಕೆ, ನಡುಕ, ತಿಂದರೂ ಸಣ್ಣ ಆಗುವುದು, ಎದೆ ಹೊಡೆದುಕೊಳ್ಳುವುದು ಎಲ್ಲ ಅದರಿಂದಲೇ. ಹೃದಯದ ತಾಳ ತಪ್ಪಿದೆ. ಹೀಗೇ ಬಿಟ್ಟಿದ್ದರೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದಿತ್ತು ಎಂದರು ಡಾಕ್ಟರ್, ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರು. ಒಂದು ವಾರ ಇರಬಹುದು ಎಂದಳು ಪದ್ಮ. ನಾನು ಫೋನ್ ತೆಗೆದು ಅವರ ಮುಂದೆ ಹಿಡಿದೆ. ಜೂನಿನಿಂದ ಶನಿವಾರದವರೆಗೆ ಒಂದೊಂದು ರಾತ್ರಿಯ ನಾಡಿ, ಒಂದೊಂದು ರಾತ್ರಿಯ ನಿದ್ದೆ. ಹಬ್ಬದ ವಾರದಿಂದ ಗೆರೆ ಮೇಲಕ್ಕೆ ಏರುತ್ತಾ ಹೋಗಿತ್ತು. ಡಾಕ್ಟರ್ ಬಹಳ ಹೊತ್ತು ಬೆರಳಿನಿಂದ ಸರಿಸಿ ಸರಿಸಿ ನೋಡಿದರು.

"ಅಂಕಲ್, ಆಂಟಿಗೆ ವಾಚ್ ಕಟ್ಟಿ ದಿನಾ ಇಷ್ಟು ನಿಗಾ ಇಟ್ಟಿದ್ದೀರಲ್ಲ," ಎಂದರು. "ಎಷ್ಟು ಜನ ಗಂಡಂದಿರು ಇಷ್ಟು ನೋಡ್ಕೋತಾರೆ ಹೇಳಿ?"

ಈಗ ಹೇಳಿಬಿಡುತ್ತಾಳೆ ಎಂದುಕೊಂಡೆ. ಹೇಳಲಿ ಎಂದೂ ಅನ್ನಿಸಿತು.

"ಹೌದು ಡಾಕ್ಟ್ರೇ," ಎಂದಳು ಪದ್ಮ. "ಬೆಳಗ್ಗೆ ಎದ್ದ ತಕ್ಷಣ ಮೊದಲು ಅದನ್ನೇ ಕೇಳೋರು."

ದನಿಯಲ್ಲಿ ಕೊಂಕಿರಲಿಲ್ಲ. ನನ್ನ ಮಾನ ಉಳಿಸಿದಳೋ, ಕಳೆದಳೋ ಇಂದಿಗೂ ತಿಳಿಯದು. ಮುನಿರಾಜು ಮಾತ್ರ ಕಿಟಕಿಯ ಕಡೆ ತಿರುಗಿ ನಿಂತುಕೊಂಡರು. ಹಿಂದಿನ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಅವರಿಗೆ ಎಲ್ಲ ಹೇಳಿದ್ದೆ.

ಮನೆಗೆ ಬಂದ ಮೇಲೆ ಸುಮಾ ನಾಲ್ಕು ದಿನ ನಮ್ಮ ಜೊತೆಗಿದ್ದಳು. ಒಂದು ಮಧ್ಯಾಹ್ನ ಅವರಿಬ್ಬರೂ ಅಡುಗೆಮನೆಯಲ್ಲಿ ಅಲಸಂದೆಕಾಯಿ ಬಿಡಿಸುತ್ತಿದ್ದರು. ಇಷ್ಟು ದಿನ ಯಾಕಮ್ಮ ಹೇಳಲಿಲ್ಲ ಎಂದು ಮಗಳು ಗದರುತ್ತಿದ್ದಳು. ನಾನು ಹೊರಗಿನ ಕೋಣೆಯಲ್ಲಿ ಪೇಪರ್ ಹಿಡಿದು ಕೂತಿದ್ದೆ.

"ಅವರ ಓಟ ಮುಗೀಲಿ ಅಂತ," ಎಂದಳು ಪದ್ಮ. "ರಾತ್ರಿ ಮೂರಕ್ಕೆಲ್ಲ ಎಚ್ಚರ ಆಗ್ಬಿಡೋದು. ಎದೆ ಡವಡವ ಅನ್ನೋದು. ಅಲ್ಲಾಡಿದ್ರೆ ವಾಚಿಗೆ ಗೊತ್ತಾಗಿ ಇವರ ನಂಬರ್ ಕಮ್ಮಿ ಆಗತ್ತಲ್ಲ, ಅದಕ್ಕೆ ಕೈ ಹಾಗೇ ಇಟ್ಕೊಂಡು ಬೆಳಗಾಗೋ ತನಕ ಮಲ್ಗಿರ್ತಿದ್ದೆ."

ಆಮೇಲೆ ಕಾಯಿ ಬಿಡಿಸುವ ಸದ್ದಷ್ಟೇ ಕೇಳಿಸಿತು. ನಾನು ಎದ್ದು ಒಳಗೆ ಹೋಗಿ ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ. ಪೇಪರಿನ ಅದೇ ಪುಟವನ್ನು ಸಂಜೆಯ ತನಕ ಹಿಡಿದುಕೊಂಡು ಕೂತಿದ್ದೆ. ಆ ಸಂಜೆ ವಾಚನ್ನು ಬಿಚ್ಚಿ ಡ್ರಾಯರಿಗೆ ಹಾಕಿದೆ.

ಮಾತ್ರೆಗಳು ಕೆಲಸ ಮಾಡಿದವು. ದೀಪಾವಳಿಯ ಹೊತ್ತಿಗೆ ಕೈ ನಡುಕ ನಿಂತಿತು. ಸಂಕ್ರಾಂತಿಗೆ, ಹಿಡಿಸಿಕೊಂಡಿದ್ದ ರವಿಕೆಗಳ ಹೊಲಿಗೆಯನ್ನು ಮತ್ತೆ ಬಿಚ್ಚಿದಳು. ಈಗ ಧಾರಾವಾಹಿಯೂ ಇದೆ, ಸಂಜೆಯ ಕಾಫಿಯೂ ಇದೆ. ನಾನು ಒಂದು ದಿನ ಓಡುತ್ತೇನೆ, ಎರಡು ದಿನ ಅವಳ ಜೊತೆ ಕೆರೆಯ ಸುತ್ತ ನಡೆಯುತ್ತೇನೆ. ಕಾಲು ಹಿಡಿದರೆ ಬೆಂಚಿನ ಮೇಲೆ ಮುನಿರಾಜು ಪಕ್ಕ ಜಾಗ ಇದ್ದೇ ಇರುತ್ತದೆ. ಹತ್ತು ಕಿಲೋಮೀಟರನ್ನು ಒಂದು ಗಂಟೆಯೊಳಗೆ ಓಡುವ ಯೋಗ ನನಗಿಲ್ಲ.

ಮೊನ್ನೆ ಆ ವಾಚಿನ ಪಟ್ಟಿಯನ್ನು ಮೂಗಿಗೆ ಹಿಡಿದುಕೊಂಡು ನಿಂತಿದ್ದಾಗ ಪದ್ಮ ಬಾಗಿಲಲ್ಲಿ ಬಂದು ನಿಂತಳು. ಕೊಡೆ ಬಾಗಿಲ ಹಿಂದೆಯೇ ಇದೆಯಲ್ಲ, ಡ್ರಾಯರಿನಲ್ಲಿ ಯಾರಾದರೂ ಹುಡುಕುತ್ತಾರಾ ಎಂದು ಬೈದಳು. ತಿರುಗಿ ನೋಡಿದೆ. ಅವಳ ಕಣ್ಣಿನ ಕೆಳಗೆ ಸ್ವಲ್ಪ ಕಪ್ಪಾಗಿತ್ತು. ಬರೀ ಮಳೆಯ ಬೆಳಕಿಗೆ ಹಾಗೆ ಕಂಡಿತೋ ಏನೋ. ವಾಚನ್ನು ಒಳಗೆ ಹಾಕಿ ಡ್ರಾಯರ್ ತಳ್ಳಿ, ರಾತ್ರಿ ನಿದ್ದೆ ಚೆನ್ನಾಗಿ ಬಂತಾ ಎಂದು ಕೇಳಿದೆ. ಈ ಸಲ ಅವಳಿಗಾಗಿಯೇ ಕೇಳಿದ್ದೆ. ಬೇರೆ ಯಾವ ಕಾರಣವೂ ಇರಲಿಲ್ಲ.

ಅವಳು ಬಾಗಿಲ ಹಿಂದಿನಿಂದ ಕೊಡೆ ತೆಗೆದು ನನ್ನ ಕೈಗೆ ಕೊಟ್ಟಳು.

"ಯಾಕೆ," ಎಂದಳು, "ಇವತ್ತು ಓಡ್ಬೇಕಾ ನೀವು?"